ಜರ್ಮನಿಯಲ್ಲಿ ಸಂಸಾರ ಹೂಡೋರಿಗೆ: ಮೈಸೂರಲ್ಲಿ ಪೆಟ್ಟಿಗೆ ಕಟ್ಟೋದ್ರಿಂದ ಮೊದಲ ಮೂರು ತಿಂಗಳವರೆಗೆ

ಸರಸ್ವತಿಪುರಂನಲ್ಲಿ ನಮ್ಮ ಪಕ್ಕದ ಮನೆ ಹುಡುಗಿ ಮುಂದಿನ ತಿಂಗಳು ಗಂಡ, ಎರಡೂವರೆ ವರ್ಷದ ಮಗು ಕರ್ಕೊಂಡು ಜರ್ಮನಿಗೆ ಹೊರಡ್ತಿದ್ದಾಳೆ. ದಿನಾ ಸಂಜೆ ಬಂದು "ಅಕ್ಕಾ, ಇದನ್ನ ತಗೊಂಡೋಗ್ಲಾ, ಅದನ್ನ ಬಿಟ್ಟೋಗ್ಲಾ" ಅಂತ ಕೇಳ್ತಾಳೆ. ನಾವು ಸ್ಟುಟ್‌ಗಾರ್ಟ್‌ನಲ್ಲಿ ನಾಲ್ಕು ವರ್ಷ ಸಂಸಾರ ಮಾಡಿ ಬಂದವರು, ಹೋದಾಗ ನಮ್ಮ ಪುಟ್ಟಿಗೂ ಇವಳ ಮಗೂ ವಯಸ್ಸೇ ಇತ್ತು. ಅವಳಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಒಂದೇ ಕಡೆ ಬರೆದಿಡೋಣ ಅನ್ನಿಸ್ತು, ಯಾಕಂದ್ರೆ ಮೈಸೂರು ಮಂಡ್ಯ ಕಡೆಯಿಂದ ಹೋಗ್ತಿರೋ ಚಿಕ್ಕ ಸಂಸಾರಗಳು ಈಗ ತುಂಬಾ ಇವೆ.

ಎಲ್ಲದಕ್ಕೂ ಮುಂಚೆ ಒಂದು ಮಾತು. ಅಲ್ಲಿ ಇಳಿದ ತಕ್ಷಣ ಸೋಫಾ, ಟಿವಿ, ಪ್ಯಾರಿಸ್ ಟ್ರಿಪ್ಪು ಅಂತ ಓಡಾಡಬೇಡಿ, ಮಗು ಎಷ್ಟೊತ್ತಿಗೆ ಏಳುತ್ತೆ, ಏನು ತಿನ್ನುತ್ತೆ, ಎಷ್ಟೊತ್ತಿಗೆ ಮಲಗುತ್ತೆ ಅನ್ನೋದನ್ನ ಮೊದಲು ಒಂದು ಹದಕ್ಕೆ ತನ್ನಿ. ಅದು ನಿಂತ್ರೆ ಮನೆ ನಿಲ್ಲುತ್ತೆ. ಕೆಳಗೆ ಬರೆದಿರೋ ಕ್ರಮಾನೂ ಅದೇ ಲೆಕ್ಕದಲ್ಲೇ ಇದೆ.

ಹೆಜ್ಜೆ 1: ಹೊರಡೋಕೆ ಮುಂಚೆ ಹೆಸರು, ಕಾಗದ ಸರಿ ಮಾಡ್ಕೊಳ್ಳಿ

ನಮ್ಮ ಕಡೆ ಹೆಸರಿಗೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಅಂಟ್ಕೊಂಡಿರುತ್ತೆ, ಸರ್‌ನೇಮ್ ಅಂತ ಬೇರೆ ಇರಲ್ಲ, ಪಾಸ್‌ಪೋರ್ಟಲ್ಲಿ ಆ ಜಾಗ ಖಾಲಿ ಬಿಟ್ಟಿರ್ತಾರೆ. ಇಲ್ಲಿ ಅದ್ರಿಂದ ಏನೂ ತೊಂದ್ರೆ ಇಲ್ಲ. ಆದ್ರೆ ಜರ್ಮನಿಯಲ್ಲಿ ಮನೆ ಗಂಟೆ, ಪೋಸ್ಟ್ ಡಬ್ಬ, ಆಸ್ಪತ್ರೆ ಕಾರ್ಡ್, ಎಲ್ಲಾ ನಡೆಯೋದು ಮನೆತನದ ಹೆಸರಿನ ಮೇಲೆ. ಹಂಗಾಗಿ ಮೂರೂ ಜನದ ಪಾಸ್‌ಪೋರ್ಟ್ ಒಟ್ಟಿಗೆ ಟೇಬಲ್ ಮೇಲಿಟ್ಟು ನೋಡಿ, ಸರ್‌ನೇಮ್ ಜಾಗದಲ್ಲಿ ಏನಿದೆ, ಮಗುಗೂ ಅಪ್ಪಂಗೂ ಹೊಂದುತ್ತಾ ಅಂತ. ಸರಿ ಮಾಡ್ಸೋದಿದ್ರೆ ವೀಸಾಗೆ ಹಾಕೋ ಮುಂಚೆನೇ ಮಾಡ್ಸಿ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರ ಅನ್ನೋದು ದೇಶದಲ್ಲೇ ಮೊದಲು ಶುರುವಾದ ಎರಡು ಊರಲ್ಲಿ ನಮ್ಮ ಮೈಸೂರೂ ಒಂದು, 2017ರ ಜನವರಿಯಲ್ಲಿ. ವೀಸಾಗೆ ಮಾತ್ರ ಬೆಂಗಳೂರೇ ಗತಿ.

ಮಗು ಜನನ ಪ್ರಮಾಣಪತ್ರದಲ್ಲಿ ಮಗು ಹೆಸರು ಸೇರಿದೆಯಾ ನೋಡಿ, ಆಸ್ಪತ್ರೆಯಿಂದ ಬಂದಿದ್ದು ಎಷ್ಟೋ ಸಲ ಹೆಸರಿಲ್ಲದೆ ಹಂಗೇ ಬೀರುವಿನಲ್ಲಿ ಉಳಿದಿರುತ್ತೆ. ಮದುವೆ ನೋಂದಣಿ ಮಾಡಿಸಿಲ್ಲದಿದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಈಗ್ಲೇ ಮಾಡಿಸಿ, ಛತ್ರದ ಫೋಟೋ ಲಗ್ನಪತ್ರಿಕೆ ಅಲ್ಲಿ ನಡೆಯಲ್ಲ. ಇನ್ನೊಂದು, ಏಜೆಂಟರು ಅಪೊಸ್ಟಿಲ್, ಅಂದ್ರೆ ಇಲ್ಲಿನ ಕಾಗದ ಹೊರದೇಶದಲ್ಲಿ ನಡೆಯಲಿ ಅಂತ ಸರ್ಕಾರ ಹಾಕೋ ಮುದ್ರೆ, ಮಾಡಿಸ್ಕೊಡ್ತೀವಿ ಅಂತ ದುಡ್ಡು ಕೇಳ್ತಾರೆ. ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು, ಹಾಗಾಗಿ ನಮ್ಮ ಅಪೊಸ್ಟಿಲ್ ಅಲ್ಲಿ ಲೆಕ್ಕಕ್ಕಿಲ್ಲ. ಕಾನ್ಸುಲೇಟ್ ಏನು ಕೇಳುತ್ತೋ ಅಷ್ಟು ಮಾತ್ರ ಮಾಡಿಸಿ.

ಮಗು ಲಸಿಕೆ ಪುಸ್ತಕ ಬಂಗಾರದ ಥರ ಇಟ್ಕೊಳ್ಳಿ. ಜರ್ಮನಿಯಲ್ಲಿ 2020ರ ಮಾರ್ಚಿಂದ ದಡಾರದ ಲಸಿಕೆ ಪುರಾವೆ ಇಲ್ಲದೆ ಶಿಶುವಿಹಾರಕ್ಕೆ ಸೇರಿಸ್ಕೊಳ್ಳಲ್ಲ, ಎರಡು ವರ್ಷ ತುಂಬಿದ ಮಗುಗೆ ಎರಡು ಡೋಸ್ ಆಗಿರಬೇಕು. ನಿಮ್ಮ ಮಕ್ಕಳ ಡಾಕ್ಟ್ರ ಹತ್ರ ಹೋಗಿ ಲಸಿಕೆ ಹೆಸರು, ತಾರೀಕು, ಸಹಿ, ಸೀಲು ಎಲ್ಲಾ ಇಂಗ್ಲಿಷಲ್ಲಿ ಬಿಡಿಸಿ ಬರೆಸ್ಕೊಳ್ಳಿ, ಡಾಕ್ಟ್ರ ಗೀಚು ಅಕ್ಷರ ಅಲ್ಲಿ ಯಾರಿಗೂ ಅರ್ಥ ಆಗಲ್ಲ.

ಹೆಜ್ಜೆ 2: ಪೆಟ್ಟಿಗೆ

ತುಪ್ಪ, ಪೇಡ, ಖೋವಾ ಹಾಕಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರೋದನ್ನ ಯುರೋಪಿಯನ್ ಯೂನಿಯನ್ ಬಿಡಲ್ಲ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು, ಮಲ್ಲಿಗೆ ಹೂವು ಇವಕ್ಕೆಲ್ಲ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು, ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರ, ಡುರಿಯನ್ ಹಣ್ಣು ಇಷ್ಟಕ್ಕೆ ಮಾತ್ರ ವಿನಾಯ್ತಿ ಇದೆ. ಕೊಬ್ಬರಿ ಗಿಟುಕು ಬೇಡ್ವೇ ಬೇಡ, ಅದರ ಎಣ್ಣೆ ಅಂಶಕ್ಕೆ ಬೆಂಕಿ ಹತ್ತೋ ವಸ್ತು ಅಂತ ವಿಮಾನ ನಿಲ್ದಾಣದಲ್ಲೇ ತೆಗೆಸ್ತಾರೆ.

ತಗೊಂಡೋಗಬೇಕಾದ್ದು ಅಂದ್ರೆ ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಮಂಡ್ಯದ ಬೆಲ್ಲ ಒಂದೆರಡು ಅಚ್ಚು, ಮೊದಲ ತಿಂಗಳಿಗೆ ಆಗುವಷ್ಟು ರಾಗಿ ಹಿಟ್ಟು. ಕುಕ್ಕರ್ ತಗೊಳ್ಳೋವಾಗ ಇಂಡಕ್ಷನ್ ತಳದ್ದೇ ತಗೊಳ್ಳಿ, ಅಲ್ಲಿ ಗ್ಯಾಸ್ ಒಲೆ ಇರೋ ಮನೆ ಕಮ್ಮಿ, ಗಾಜಿನ ಕರೆಂಟ್ ಒಲೆನೇ ಜಾಸ್ತಿ. ಮಿಕ್ಸಿ ಖಂಡಿತ ತಗೊಂಡೋಗಿ, ಅಲ್ಲೂ 230 ವೋಲ್ಟ್ 50 ಹರ್ಟ್ಸೇ, ಪ್ಲಗ್ ಮಾತ್ರ ಬೇರೆ, ಅರ್ಥಿಂಗ್ ಇರೋ ಒಳ್ಳೆ ಅಡಾಪ್ಟರ್ ಹಾಕಿದ್ರೆ ನಮ್ಮ ಮಿಕ್ಸಿ ನಾಲ್ಕು ವರ್ಷ ಓಡಿದೆ. ಮುದ್ದೆ ಕೋಲು ಮರೀಬೇಡಿ, ಅದು ಅಲ್ಲಿ ಎಲ್ಲೂ ಸಿಗಲ್ಲ.

ಚಳಿ ಬಟ್ಟೆ ಇಲ್ಲಿ ತಗೋಬೇಡಿ, ಮೈಸೂರಲ್ಲಿ ಸಿಗೋ ಸ್ವೆಟರ್ ಅಲ್ಲಿನ ಚಳಿಗೆ ಸಾಲಲ್ಲ. ಮಗು ದಿನಾ ಮಲಗೋ ಹೊದಿಕೆ ಇದ್ಯಲ್ಲ, ಅದನ್ನ ಒಗೀದೇ ಹಂಗೇ ಹ್ಯಾಂಡ್ ಲಗೇಜಲ್ಲಿ ಇಟ್ಕೊಳ್ಳಿ. ಅವ್ವನ ಹಳೇ ಹತ್ತಿ ಸೀರೆ ಮಡಿಸಿ ಹೊಲಿದ ಕೌದಿ ನಮ್ಮದು, ಮೊದಲ ಹದಿನೈದು ದಿನ ಪುಟ್ಟಿ ನಿದ್ದೆ ಮಾಡಿದ್ದೇ ಅದರ ಮೂಲೆ ಹಿಡ್ಕೊಂಡು.

ಹೆಜ್ಜೆ 3: ಮೊದಲ ಎರಡು ವಾರ

ಮನೆಗೆ ಹೋದ ಮೇಲೆ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಅದಕ್ಕೆ ಮನೆ ಓನರ್ ಸಹಿ ಹಾಕಿರೋ ಒಂದು ಪತ್ರ ಬೇಕು, ಬಾಡಿಗೆ ಕರಾರು ಪತ್ರ ಇದ್ರೆ ಸಾಲದು, ಕೀಲಿ ಈಸ್ಕೊಳ್ಳೋ ದಿನಾನೇ ಕೇಳಿ ತಗೊಳ್ಳಿ. ಇದೊಂದು ಆಗದೆ ಮುಂದಿನ ಯಾವುದೂ ಆಗಲ್ಲ. ನೋಂದಣಿ ಆದ ಮೇಲೆ ಟ್ಯಾಕ್ಸ್ ನಂಬರ್ ಪೋಸ್ಟಲ್ಲಿ ಬರುತ್ತೆ, ಸಂಬಳಕ್ಕೆ ಅದು ಬೇಕು, ಮಗುಗೆ ಅಂತ ಸರ್ಕಾರ ಕೊಡೋ ದುಡ್ಡಿಗೂ ಬೇಕು.

ಪೋಸ್ಟಲ್ಲಿ ಅಂದ್ನಲ್ಲ, ಇಲ್ಲೇ ನಾವು ಎಡವಿದ್ದು. ಅಪಾರ್ಟ್‌ಮೆಂಟಿಗೆ ಮನೆ ನಂಬರ್ ಇರಲ್ಲ, ಪೋಸ್ಟ್ ಡಬ್ಬದ ಮೇಲಿನ ಹೆಸರು ನೋಡಿ ಕಾಗದ ಹಾಕ್ತಾರೆ. ನಮ್ಮ ಡಬ್ಬದ ಮೇಲೆ ನಮ್ಮನೆಯವ್ರ ಹೆಸರು ಮಾತ್ರ ಇತ್ತು. ನನ್ನ ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಇರೋದು, ಹಂಗಾಗಿ ನನ್ನ ಹೆಸರಿಗೆ ಬಂದ ಇನ್ಶೂರೆನ್ಸ್ ಕಾರ್ಡು, ಬ್ಯಾಂಕಿನ ಪಿನ್ನು ಎಲ್ಲಾ ವಾಪಸ್ ಹೋಗಿವೆ, ಒಂದೂವರೆ ತಿಂಗಳು ನಾವು ಯಾಕೆ ಬರ್ಲಿಲ್ಲ ಯಾಕೆ ಬರ್ಲಿಲ್ಲ ಅಂತ ಒದ್ದಾಡಿದ್ವಿ. ಕೊನೆಗೆ ಕೆಳಗಿನ ಮನೆ ಅಜ್ಜಿ ಡಬ್ಬ ತೋರಿಸಿ ಬೆರಳಲ್ಲಿ ಎರಡು ಅಂತ ಸನ್ನೆ ಮಾಡಿದ್ರು. ಆವತ್ತೇ ಕಾಗದದ ಚೂರಲ್ಲಿ ಮೂರೂ ಜನದ ಹೆಸರು ಬರೆದು ಟೇಪ್ ಹಾಕಿ ಅಂಟಿಸಿದ್ವಿ, ಆ ವಾರವೇ ಕಾಗದ ಬರೋಕೆ ಶುರುವಾಯ್ತು. ನೀವು ಮೊದಲ ದಿನಾನೇ ಅಂಟಿಸಿ, ಮಗು ಹೆಸರೂ ಸೇರಿಸಿ.

ವಿಳಾಸ ಆದ ಮೇಲೆ ಉಳಿದ ಕೆಲಸಗಳು. ರೆಸಿಡೆನ್ಸ್ ಪರ್ಮಿಟ್‌ಗೆ ವೀಸಾ ಮುಗಿಯೋ ಮುಂಚೆ ಅರ್ಜಿ ಹಾಕಬೇಕು, ಅಪಾಯಿಂಟ್‌ಮೆಂಟ್ ಸಿಗೋಕೆ ತಿಂಗಳುಗಟ್ಟಲೆ ಆಗಬಹುದು, ಬಂದ ವಾರವೇ ಕೇಳಿಡಿ. ಸರ್ಕಾರಿ ಹೆಲ್ತ್ ಇನ್ಶೂರೆನ್ಸ್ ತಗೊಂಡ್ರೆ ದುಡಿಯದೇ ಇರೋ ಹೆಂಡತಿ ಅಥವಾ ಗಂಡ, ಮಕ್ಕಳು ಬೇರೆ ಕಂತು ಇಲ್ಲದೇನೇ ಅದರೊಳಗೆ ಸೇರ್ತಾರೆ, ಆದ್ರೆ ಫಾರ್ಮ್ ತುಂಬಬೇಕು, ತಾನಾಗೇ ಆಗಲ್ಲ. ಕಿಂಡರ್‌ಗೆಲ್ಡ್ ಅಂತ ಸರ್ಕಾರ ಪ್ರತಿ ಮಗುಗೆ ತಿಂಗಳಿಗೆ ದುಡ್ಡು ಕೊಡುತ್ತೆ, 2025ರಲ್ಲಿ 255 ಯುರೋ ಇತ್ತು, ತಡ ಮಾಡಿದ್ರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತೆ. ರೇಡಿಯೋ ಟಿವಿ ಶುಲ್ಕ ಅಂತ ಮನೆಗೆ ತಿಂಗಳಿಗೆ 18.36 ಯುರೋ ಕೇಳಿ ಕಾಗದ ಬರುತ್ತೆ, ಟಿವಿ ಇಲ್ಲದಿದ್ರೂ ಕಟ್ಟಬೇಕು, ಮೋಸದ ಕಾಗದ ಅಂತ ಬಿಸಾಕಬೇಡಿ.

ಹಾಫ್ಟ್‌ಫ್ಲಿಖ್ಟ್ ಅಂತ ಒಂದು ಇನ್ಶೂರೆನ್ಸ್ ಇದೆ, ನಮ್ಮಿಂದ ಬೇರೆಯವ್ರ ವಸ್ತು ಹಾಳಾದ್ರೆ ಅದು ಕಟ್ಟಿಕೊಡುತ್ತೆ. ಚಿಕ್ಕ ಮಗು ಇರೋ ಮನೆಗೆ ಇದು ಬೇಕೇ ಬೇಕು. ಏಳು ವರ್ಷದೊಳಗಿನ ಮಗು ಮಾಡಿದ ನಷ್ಟಕ್ಕೆ ಕಾನೂನಲ್ಲಿ ಮಗು ಹೊಣೆ ಅಲ್ಲ, ಆದ್ರೆ ಪಕ್ಕದ ಮನೆಯವ್ರ ಕಾರಿಗೆ ಮಗು ಕಲ್ಲಲ್ಲಿ ಗೀರಿದ್ರೆ ಮುಖ ತೋರಿಸೋರು ನಾವೇ ತಾನೆ, ಅದಕ್ಕೆ ಚಿಕ್ಕ ಮಕ್ಕಳದ್ದೂ ಸೇರಿರೋ ಪಾಲಿಸಿ ಕೇಳಿ ತಗೊಳ್ಳಿ.

ಹೆಜ್ಜೆ 4: ಮನೆ ನಡೆಸೋ ರೀತಿ

ಬಾಡಿಗೆ ಮನೆಗೆ ಎಷ್ಟೋ ಕಡೆ ಅಡುಗೆ ಕಟ್ಟೆ, ಸಿಂಕು, ಒಲೆ ಏನೂ ಇರಲ್ಲ, ಖಾಲಿ ಗೋಡೆ ಇರುತ್ತೆ. ಮಗು ಜೊತೆ ಹೋಗೋರು ಅಡುಗೆಮನೆ ಸೇರಿರೋ ಮನೆನೇ ಹುಡುಕಿ, ಬಾಡಿಗೆ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ. ಜಾಹೀರಾತಲ್ಲಿ ಎರಡು ಥರ ಬಾಡಿಗೆ ಹಾಕಿರ್ತಾರೆ, ಹೀಟರ್ ನೀರು ಬಿಟ್ಟು ಒಂದು, ಸೇರಿಸಿ ಒಂದು. ಅಡ್ವಾನ್ಸು ಮೊದಲನೇ ಥರದ ಬಾಡಿಗೆಯ ಮೂರು ತಿಂಗಳಿಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಅದು ಕಾನೂನು.

ಮನೆಗೆ ಗಾಳಿ ಆಡಿಸೋದು ಕಲೀಬೇಕು. ಇದು ಕೇಳೋಕೆ ಸಣ್ಣ ವಿಷಯ, ಆದ್ರೆ ಗೋಡೆ ಬೂಷ್ಟು ಹಿಡಿದ್ರೆ ಅಡ್ವಾನ್ಸಲ್ಲಿ ಮುರ್ಕೊಳ್ತಾರೆ, ಮಗುಗೆ ಕೆಮ್ಮು ಬೇರೆ. ನಮ್ಮ ಅಡುಗೆ ಅಂದ್ರೆ ಕುಕ್ಕರ್ ವಿಷಲ್ಲು, ಅನ್ನದ ಹಬೆ, ಇಡ್ಲಿ ಹಬೆ, ಜೊತೆಗೆ ಒಳಗೇ ಬಟ್ಟೆ ಒಣಗಿಸ್ತೀವಿ, ಮುಚ್ಚಿದ ಮನೇಲಿ ಆ ನೀರೆಲ್ಲ ಗೋಡೆಗೇ ಹೋಗಿ ಕೂರುತ್ತೆ. ಹೀಟರ್ ಆಫ್ ಮಾಡಿ ಎದುರುಬದುರು ಕಿಟಕಿ ಪೂರ್ತಿ ತೆಗೆದು ಐದರಿಂದ ಹತ್ತು ನಿಮಿಷ ಬಿಡಿ, ಮತ್ತೆ ಮುಚ್ಚಿ ಹೀಟರ್ ಹಾಕಿ, ದಿನಕ್ಕೆ ಎರಡು ಮೂರು ಸಲ, ಹೊರಗೆ ಮಂಜು ಬೀಳ್ತಿದ್ರೂನು. ಕಿಟಕಿ ಒಂದು ಚೂರು ಓರೆ ಮಾಡಿ ಇಡೀ ದಿನ ಬಿಡೋದು ತಪ್ಪು, ಕಿಟಕಿ ಸುತ್ತ ಗೋಡೆ ತಣ್ಣಗಾಗಿ ಅಲ್ಲೇ ಬೂಷ್ಟು ಬರೋದು. ಹೀಟರಿನ ತಿರುಗಣೆ ಮೂರಕ್ಕೆ ಇಟ್ರೆ ಸುಮಾರು 20 ಡಿಗ್ರಿ, ಮಗು ರೂಮಿಗೆ ಸಾಕು.

ಒಗ್ಗರಣೆ ಹಾಕೋವಾಗ ರೂಮಿನ ಬಾಗಿಲು ಮುಚ್ಚಿ. ಮಲಗೋ ಕೋಣೆಗೂ ಮನೆಯೊಳಗಿನ ಹಾದಿಗೂ ಹೊಗೆ ಅಲಾರಂ ಕಡ್ಡಾಯ, ಒಣಮೆಣಸಿನಕಾಯಿ ಘಾಟಿಗೆ ಮಗು ಮಧ್ಯಾಹ್ನ ಮಲಗಿರೋವಾಗ್ಲೇ ಅದು ಕಿರುಚುತ್ತೆ. ಹಂಗಂತ ಬ್ಯಾಟರಿ ಮಾತ್ರ ಯಾವತ್ತೂ ತೆಗೀಬೇಡಿ.

ಭಾನುವಾರ ಅಂಗಡಿ ಇರಲ್ಲ. ಹಾಲು, ಡೈಪರ್, ತರಕಾರಿ ಶನಿವಾರ ಸಂಜೆಯೊಳಗೆ ಬಂದಿರಬೇಕು. ಭಾನುವಾರ ಗೋಡೆಗೆ ಮೊಳೆ ಹೊಡಿಯೋ ಹಾಗಿಲ್ಲ, ರಾತ್ರಿ ಹತ್ತರ ಮೇಲೂ ಗಲಾಟೆ ಇಲ್ಲ, ಮಗು ಅತ್ರೆ ಅದು ಬೇರೆ ಮಾತು, ಅದಕ್ಕೆ ಯಾರೂ ಏನೂ ಅನ್ನಲ್ಲ, ಆ ಭಯ ಬೇಡ. ಕಸ ಬೇರೆ ಮಾಡೋದಕ್ಕೆ ಊರಿಗೊಂದು ಬಣ್ಣದ ಪದ್ಧತಿ ಇದೆ, ನಗರಸಭೆ ಕೊಡೋ ಕ್ಯಾಲೆಂಡರ್ ಫ್ರಿಜ್ ಮೇಲೆ ಅಂಟಿಸಿ. ಒಂದೇ ಸಲ ಬಳಸೋ ಪ್ಲಾಸ್ಟಿಕ್ ಬಾಟ್ಲು, ಕ್ಯಾನು ವಾಪಸ್ ಕೊಟ್ರೆ ಒಂದಕ್ಕೆ 25 ಸೆಂಟ್ ಬರುತ್ತೆ. ಸ್ಟುಟ್‌ಗಾರ್ಟ್ ಕಡೆ ಕೆಯರ್‌ವೋಖೆ ಅಂತ ಇದೆ, ವಾರಕ್ಕೊಂದು ಮನೆಯವ್ರು ಮೆಟ್ಟಿಲು ಗುಡಿಸಿ ಒರೆಸಬೇಕು, ಬಾಗಿಲಿಗೆ ಒಂದು ಹಲಗೆ ನೇತು ಹಾಕಿರ್ತಾರೆ. ನಮ್ಮ ಸರದಿಲಿ ನಾನು ಪುಟ್ಟಿ ಇಬ್ರೂ ಬಕೆಟ್ ಹಿಡ್ಕೊಂಡು ಇಳೀತಿದ್ವಿ, ಆ ಬಿಲ್ಡಿಂಗಿನ ಎಲ್ಲರ ಪರಿಚಯ ಆಗಿದ್ದೇ ಆ ಮೆಟ್ಟಿಲ ಮೇಲೆ.

ಹೆಜ್ಜೆ 5: ಒಲೆ ಹತ್ತಿಸೋದು

ಸೋನಾ ಮಸೂರಿ, ತೊಗರಿಬೇಳೆ, ರಾಗಿ ಹಿಟ್ಟು, ತುರಿದ ಫ್ರೋಜನ್ ಕಾಯಿ ಇಂಡಿಯನ್ ಅಂಗಡೀಲಿ ಸಿಗುತ್ತೆ. ಬೇರೆದೆಲ್ಲ ಅಲ್ಲಿನ ಸೂಪರ್‌ಮಾರ್ಕೆಟ್ಟಲ್ಲೇ ಇದೆ, ಕಣ್ಣು ಬಿಟ್ಟು ನೋಡಬೇಕು ಅಷ್ಟೆ. ನವಿಲುಕೋಸು ಅವರಿಗೂ ಪ್ರಾಣ, ಕೊಲ್‌ರಾಬಿ ಅಂತಾರೆ. ಬಸ್ಸಾರಿಗೆ ಮಾಂಗೋಲ್ಡ್ ಅನ್ನೋ ಸೊಪ್ಪು ಚೆನ್ನಾಗಾಗುತ್ತೆ, ದಂಟು ಸೊಪ್ಪಿನ ಹತ್ತಿರಕ್ಕೇ ಬರುತ್ತೆ. ಗಸಗಸೆ ಕೇಕಿಗೆ ಹಾಕೋಕೆ ಅಂತ ಎಲ್ಲಾ ಕಡೆ ಇದೆ, ಆದ್ರೆ ಅದು ಕಡುನೀಲಿ ಬಣ್ಣದ್ದು, ಪಾಯಸ ಬೂದಿ ಬಣ್ಣಕ್ಕೆ ತಿರುಗುತ್ತೆ, ರುಚಿ ಏನೂ ಕೆಡಲ್ಲ. ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪ್ಯಾಕೆಟ್ ತಂದು ಕಾಯಿಸಿದ್ರೆ 200 ಗ್ರಾಂ ಹತ್ತಿರ ತುಪ್ಪ ಬರುತ್ತೆ, ಊರಿಂದ ತರೋ ಯೋಚನೆನೇ ಬೇಡ. ಇಡ್ಲಿ ಹಿಟ್ಟು ಹುದುಗೋಕೆ ಓವನ್ ಒಳಗಿಟ್ಟು ಅದರ ಲೈಟ್ ಮಾತ್ರ ಹಾಕಿ ಬೆಳಗಿನವರೆಗೆ ಬಿಡಿ, ಮೊಸರಿಗೂ ಅದೇ.

ಮುದ್ದೆ ವಿಷಯಕ್ಕೆ ಬಂದ್ರೆ ಗಾಜಿನ ಒಲೆ ಮೇಲೆ ಪಾತ್ರೆ ಕಾಲಲ್ಲಿ ಒತ್ತಿ ಹಿಡಿದು ತಿರುವೋ ಹಾಗಿಲ್ಲ, ಎಳೆದಾಡಿದ್ರೆ ಗಾಜು ಗೀರುತ್ತೆ. ಹಾಗಾಗಿ ಎಸರು ಕುದ್ದು ಹಿಟ್ಟು ಬೆಂದ ಮೇಲೆ ಪಾತ್ರೆ ಇಳಿಸಿ, ನೆಲದ ಮೇಲೆ ಒದ್ದೆ ಟವೆಲ್ ಹಾಸಿ ಅದರ ಮೇಲಿಟ್ಟು, ಎರಡು ಕಾಲಲ್ಲಿ ಪಾತ್ರೆ ಒತ್ತಿ ಹಿಡ್ಕೊಂಡು ಕೋಲಲ್ಲಿ ತಿರುವಿ, ಥೇಟ್ ಊರಲ್ಲಿ ಮಾಡೋ ಹಾಗೇ. ಆಮೇಲೆ ಎರಡು ನಿಮಿಷ ಮತ್ತೆ ಸಣ್ಣ ಉರೀಲಿ ಮುಚ್ಚಿಡಿ. ಮಗುಗೆ ನಿಂಬೆಕಾಯಿ ಗಾತ್ರದ್ದು ಒಂದು, ಬೇಳೆ ಸಾರಲ್ಲಿ ಅದ್ದಿ. ಹೊಸ ಜಾಗದಲ್ಲಿ ಮಗು ಊಟ ಬಿಟ್ಟಿದೆ ಅಂದ್ರೆ ಹೊಸದೇನೂ ತಿನ್ನಿಸೋಕೆ ಹೋಗಬೇಡಿ, ಊರಲ್ಲಿ ತಿಂತಿದ್ದಿದ್ದನ್ನೇ ಅದೇ ತಟ್ಟೇಲಿ ಅದೇ ಹೊತ್ತಿಗೆ ಕೊಡಿ.

ನಿದ್ದೆಗೂ ಇದೇ ಮಾತು. ಮೈಸೂರಲ್ಲಿ ವರ್ಷಪೂರ್ತಿ ಆರೂವರೆ ಏಳು ಸುಮಾರಿಗೆ ಕತ್ತಲಾಗುತ್ತೆ. ಅಲ್ಲಿ ಜೂನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತೆ, ಡಿಸೆಂಬರಲ್ಲಿ ನಾಲ್ಕೂವರೆಗೇ ಕತ್ತಲು. ಆಕಾಶ ನೋಡಿ ಮಲಗಿಸೋಕಾಗಲ್ಲ, ಗಡಿಯಾರ ನೋಡಿ ಮಲಗಿಸಿ, ಕಿಟಕಿಗೆ ಶಟರ್ ಇರುತ್ತೆ, ಅದನ್ನ ಪೂರ್ತಿ ಇಳಿಸಿ.

ಹೆಜ್ಜೆ 6: ಕೀಟಾ

ಶಿಶುವಿಹಾರಕ್ಕೆ ಕೀಟಾ ಅಂತಾರೆ. 2013ರ ಆಗಸ್ಟಿಂದ ಒಂದು ವರ್ಷ ತುಂಬಿದ ಪ್ರತಿ ಮಗುಗೂ ಜಾಗ ಸಿಗೋದು ಕಾನೂನಿನ ಹಕ್ಕು, ಆದ್ರೆ ದೊಡ್ಡ ಊರುಗಳಲ್ಲಿ ಜಾಗ ಸಾಲಲ್ಲ. ವಿಳಾಸ ಸಿಕ್ಕ ದಿನವೇ ನಗರದ ಆನ್‌ಲೈನ್ ಪಟ್ಟೀಲಿ ಹೆಸರು ಹಾಕಿ, ಜೊತೆಗೆ ಹತ್ತಿರದ ಕೀಟಾಗಳಿಗೆ ನೀವೇ ಖುದ್ದು ಮಗು ಕರ್ಕೊಂಡು ಹೋಗಿ ಮಾತಾಡಿ. ನಮಗೆ ಸಿಕ್ಕಿದ್ದು ಹಂಗೇ.

ಸೇರಿದ ಮೇಲೆ ಮೊದಲ ದಿನವೇ ಬಿಟ್ಟು ಬರೋ ಪದ್ಧತಿ ಅಲ್ಲಿಲ್ಲ. ಐನ್‌ಗೆವೋನುಂಗ್ ಅಂತ, ಮಗುನ ನಿಧಾನಕ್ಕೆ ಒಗ್ಗಿಸೋದು. ಮೊದಲ ಮೂರು ದಿನ ನೀವು ಒಂದು ಗಂಟೆ ಒಳಗೇ ಕೂತಿರಬೇಕು, ನಾಲ್ಕನೇ ದಿನ ಮಗುಗೆ ಹೇಳಿ ಕೆಲವು ನಿಮಿಷ ಆಚೆ ಹೋಗ್ತೀರ, ಆಮೇಲೆ ದಿನದಿಂದ ದಿನಕ್ಕೆ ಹೊತ್ತು ಹೆಚ್ಚಿಸ್ತಾರೆ. ಕಮ್ಮಿ ಅಂದ್ರೂ ಎರಡರಿಂದ ನಾಲ್ಕು ವಾರ ಇಬ್ಬರಲ್ಲೊಬ್ಬರು ಬಿಡುವಾಗಿರಬೇಕು, ಹೊಸ ಕೆಲಸದ ಮೊದಲ ದಿನಾನೂ ಇದೂ ಒಂದೇ ವಾರ ಬರದ ಹಾಗೆ ನೋಡ್ಕೊಳ್ಳಿ. ಮಗುಗೆ ಹೇಳದೆ ಕದ್ದು ಮಾತ್ರ ಹೋಗಬೇಡಿ. ನಮ್ಮೂರಲ್ಲಿ ಅಂಗನವಾಡಿಲಿ ಮಗು ಆಟದಲ್ಲಿ ಮೈಮರೆತಿರೋವಾಗ ಜಾರ್ಕೊಳ್ತೀವಿ, ನಾನೂ ಒಂದು ದಿನ ಹಂಗೇ ಮಾಡಿದೆ, ಪುಟ್ಟಿ ಮಾರನೇ ದಿನ ನನ್ನ ಸೆರಗು ಬಿಡ್ಲೇ ಇಲ್ಲ, ಒಂದು ವಾರದ ಕೆಲಸ ಹಿಂದಕ್ಕೆ ಹೋಯ್ತು.

ಭಾಷೆ ಬಗ್ಗೆ ಎಲ್ಲರಿಗೂ ಭಯ. ನಾನು ಮಾಡಿದ್ದು ಹೇಳ್ತೀನಿ, ಇದು ನಿಜವಾಗ್ಲೂ ಕೆಲಸಕ್ಕೆ ಬರುತ್ತೆ. ಒಂದು ಹಾಳೆ ಮೇಲೆ ಪುಟ್ಟಿ ದಿನಾ ಬಳಸೋ ಹದಿನೆಂಟು ಮಾತು ಬರೆದೆ, ನೀರು, ಉಚ್ಚೆ, ಬೇಡ, ಸಾಕು, ಎತ್ಕೋ, ನೋವು, ಅಮ್ಮ ಬರ್ತಾರೆ ಅಂತೆಲ್ಲ. ಕನ್ನಡ ಉಚ್ಚಾರಣೆನ ಅವ್ರ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಜರ್ಮನ್ ಅರ್ಥ ಹಾಕಿ ಟೀಚರ್ ಕೈಗೆ ಕೊಟ್ಟೆ. ಅವ್ರು ಅದನ್ನ ಕೈ ತೊಳೆಯೋ ಸಿಂಕಿನ ಮೇಲೆ ಅಂಟಿಸಿದ್ರು. ಒಂದಿನ ನಾನು ಕರ್ಕೊಂಡು ಬರೋಕೆ ಹೋದ್ರೆ ಒಳಗಿಂದ "ಸಾಕಾ? ಸಾಕಾ?" ಅಂತ ಗಟ್ಟಿಯಾಗಿ ಅವ್ರು ಕೇಳ್ತಿರೋದು, ಇವಳು "ಇನ್ನೂ ಬೇಕು" ಅಂತಿರೋದು ಕೇಳಿಸ್ತು. ಬಾಗಿಲಲ್ಲೇ ನಿಂತು ಅತ್ತೆ. ಮಗುಗೆ ಜರ್ಮನ್ ಅಲ್ಲಿ ತಾನಾಗೇ ಬರುತ್ತೆ, ಮನೇಲಿ ಕನ್ನಡ ಬಿಡಬೇಡಿ, ಅರ್ಧಂಬರ್ಧ ಇಂಗ್ಲಿಷಲ್ಲಿ ಮಾತಾಡಿಸೋಕೆ ಹೋಗಿ ಎರಡೂ ಕೆಡಿಸಬೇಡಿ.

ಕೀಟಾಗೆ ಬೇಕಾದ್ದು ಮಳೆ ಪ್ಯಾಂಟು, ಗಮ್ ಬೂಟು, ಮನೆಯೊಳಗಿನ ಚಪ್ಪಲಿ, ಬದಲಿ ಬಟ್ಟೆ, ತಿಂಡಿ ಡಬ್ಬಿ. ಮಳೆ ಬಂದ್ರೂ ಮಕ್ಕಳನ್ನ ಆಚೆ ಬಿಡ್ತಾರೆ, ನೆಗಡಿ ಆಗುತ್ತೆ ಅಂತ ಜಗಳ ಆಡಬೇಡಿ. ಜ್ವರ ಬಂದ್ರೆ ಸೇರಿಸ್ಕೊಳ್ಳಲ್ಲ, ಫೋನ್ ಮಾಡಿ ಕರೆಸ್ತಾರೆ. ಮೊದಲ ವರ್ಷ ಮಗುಗೆ ಮೇಲಿಂದ ಮೇಲೆ ನೆಗಡಿ ಕೆಮ್ಮು ಬರುತ್ತೆ, ಅದಕ್ಕೆ ರಜೆ ಉಳಿಸ್ಕೊಂಡಿರಿ.

ಹೆಜ್ಜೆ 7: ಡಾಕ್ಟ್ರು, ಓಡಾಟ

ಮಗು ಚೆನ್ನಾಗಿರೋವಾಗ್ಲೇ ಮಕ್ಕಳ ಡಾಕ್ಟ್ರನ್ನ ಹುಡುಕಿ ಹೆಸರು ಬರೆಸಿ, ಎಷ್ಟೋ ಕಡೆ ಹೊಸಬರನ್ನ ತಗೊಳ್ಳಲ್ಲ. ತುರ್ತಿಗೆ 112, ಪೊಲೀಸ್ 110, ರಾತ್ರಿ ಅಥವಾ ರಜೆ ದಿನ ಜ್ವರ ಅಂತ ಡಾಕ್ಟ್ರು ಬೇಕಿದ್ರೆ 116117. ಬರೀ ನೆಗಡಿ ಜ್ವರಕ್ಕೆ ಅಲ್ಲಿ ಆಂಟಿಬಯಾಟಿಕ್ ಕೊಡಲ್ಲ, ಟೀ ಕುಡಿಸಿ ಮಲಗಿಸಿ ಅಂತಾರೆ, ಮೊದಲ ಸಲ ಕೋಪ ಬರುತ್ತೆ, ಮೂರು ದಿನ ನೋಡಿ. ಹದಿನೆಂಟರೊಳಗಿನವ್ರಿಗೆ ಚೀಟಿ ಔಷಧಿಗೆ ನಮ್ಮ ಪಾಲಿನ ದುಡ್ಡು ಇಲ್ಲ.

ಕಾರಲ್ಲಿ ಮಗುನ ಮಡಿಲಲ್ಲಿ ಕೂರಿಸ್ಕೊಳ್ಳೋ ಹಾಗಿಲ್ಲ, 12 ವರ್ಷ ತುಂಬೋವರೆಗೆ ಅಥವಾ 150 ಸೆಂಟಿಮೀಟರ್ ಎತ್ತರ ಆಗೋವರೆಗೆ ಮಕ್ಕಳ ಸೀಟು ಕಡ್ಡಾಯ. ಭಾರತದ ಲೈಸೆನ್ಸು ಆರು ತಿಂಗಳು ಮಾತ್ರ ನಡೆಯುತ್ತೆ. ಆರು ವರ್ಷದೊಳಗಿನ ಮಕ್ಕಳಿಗೆ ರೈಲಿಗೆ ಟಿಕೆಟ್ ಇಲ್ಲ.

ಹೆಜ್ಜೆ 8: ಮನೇಲಿ ಉಳಿಯೋರು

ಗಂಡ ಆಫೀಸಿಗೆ, ಮಗು ಕೀಟಾಗೆ ಹೋದ ಮೇಲೆ ಒಂಬತ್ತು ಗಂಟೆಗೆ ಮನೆ ಎಷ್ಟು ಸದ್ದಿಲ್ಲದೆ ಇರುತ್ತೆ ಅಂದ್ರೆ ಫ್ರಿಜ್ ಮೋಟಾರ್ ಸದ್ದು ಕೇಳುತ್ತೆ. ಮಂಡ್ಯದಲ್ಲಿ ನಮ್ಮ ಮನೆ ಬೀದಿಗೇ ಬಾಗಿಲು, ಸೊಪ್ಪಿನವಳು ಹೂವಿನವಳು ಕೂಗೋದು ನಿಂತಿದ್ದೇ ಇಲ್ಲ. ಈ ಖಾಲಿತನಕ್ಕೆ ಮೊದಲೇ ಪ್ಲ್ಯಾನ್ ಮಾಡಿ. ಪ್ರತಿ ಊರಲ್ಲೂ ಫೋಕ್ಸ್‌ಹೋಖ್‌ಶೂಲೆ ಅಂತ ಜನಸಾಮಾನ್ಯರ ಕಲಿಕೆ ಶಾಲೆ ಇದೆ, ಜರ್ಮನ್ ಕ್ಲಾಸು ಕಡಿಮೆ ಫೀಸಲ್ಲಿ. ಗಂಡನ ಬ್ಲೂ ಕಾರ್ಡ್, ಅಂದ್ರೆ ಹೆಚ್ಚು ಓದಿದ ಕೆಲಸಗಾರರಿಗೆ ಕೊಡೋ ರೆಸಿಡೆನ್ಸ್ ಪರ್ಮಿಟ್, ಅದರ ಮೇಲೆ ಬಂದ ಹೆಂಡತಿಗೆ ಮೊದಲ ದಿನದಿಂದ್ಲೇ ಕೆಲಸ ಮಾಡೋ ಹಕ್ಕಿದೆ, ವೀಸಾಗೆ ಭಾಷಾ ಪರೀಕ್ಷೆನೂ ಬೇಡ, ಆದ್ರೆ ಭಾಷೆ ಕಲೀರಿ, ಸ್ವಂತಕ್ಕೆ. ಗಂಡಂದಿರಿಗೆ ಹೇಳೋದು, ಸಂಜೆ ಬಂದವರೇ ಲ್ಯಾಪ್‌ಟಾಪ್ ತೆಗೀಬೇಡಿ, ಆ ಮನೇಲಿ ದಿನಕ್ಕೆ ಮಾತಾಡೋಕೆ ಅಂತ ಇರೋ ದೊಡ್ಡವರು ನೀವೊಬ್ಬರೇ.

ಊರಿಗೆ ಫೋನಿಗೂ ಒಂದು ಹೊತ್ತು ಇಟ್ಕೊಳ್ಳಿ. ಬೇಸಿಗೇಲಿ ಜರ್ಮನಿ ಗಡಿಯಾರ ನಮ್ಮೂರಿಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಕೀಟಾ ಬಿಟ್ಟು ಬಂದ ಮೇಲೆ ನಾಲ್ಕೂವರೆಗೆ ಮಾಡಿದ್ರೆ ಬೇಸಿಗೇಲಿ ಮಂಡ್ಯದಲ್ಲಿ ರಾತ್ರಿ ಎಂಟು, ಅವ್ವ ಊಟಕ್ಕೆ ಕೂರೋ ಹೊತ್ತು, ತಟ್ಟೆ ಮುಂದಿಟ್ಕೊಂಡು "ಮಗೀಗೆ ಏನ್ ಉಣ್ಣಿಸ್ದೆ ಕನವ್ವ" ಅಂತ ಕೇಳ್ತಿದ್ರು, ಪುಟ್ಟಿ ತನ್ನ ತಟ್ಟೆ ಎತ್ತಿ ತೋರಿಸ್ತಿದ್ಲು. ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಮಾರ್ಚ್ ಕೊನೇ ಭಾನುವಾರ ಮುಂದಕ್ಕೆ. ಅದನ್ನ ಮನೆಯವ್ರಿಗೆ ಹಿಂದಿನ ದಿನವೇ ಹೇಳಿಡಿ. ಮೊದಲ ವರ್ಷ ನಾವು ಹೇಳೋದು ಮರೆತಿದ್ವಿ, ಅವ್ವ ಸಾರು ಆರಿಹೋದ್ರೂ ಊಟ ಮಾಡದೆ ಒಂದು ಗಂಟೆ ಫೋನ್ ಮುಂದೆ ಕೂತಿದ್ರಂತೆ.